ಹನ್ನೊಂದನೇ ನಂಬರಿನ ಗಂಜಿ

ಅಯ್ಯಾದ್‌ಗೆ ಎರಡು ತಿಂಗಳಿಂದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೀರು ಇಳಿಯುತ್ತಿತ್ತು, ಫೂಲ್ ಎಂಬ ಅವರೆಯಂಥ ಕಾಳಿನ ಸಾರು ಇಳಿಯುತ್ತಿತ್ತು. ರೊಟ್ಟಿಯ ತುಂಡು ಮಾತ್ರ ಎದೆಯ ನಡುವೆ ಬಂದು ನಿಂತುಬಿಡುತ್ತಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಅವನ ತಾಯಿ ಹಾಸಿಗೆ ಹಿಡಿದ ಮೂರು ವರ್ಷ ಹೆಂಡತಿ ದಿಮ್ಯಾನಾ ಚಾಕರಿ ಮಾಡಿ ಹೈರಾಣಾಗಿದ್ದಳು. ಇನ್ನೊಬ್ಬ ರೋಗಿಯನ್ನು ಅವಳ ತಲೆಗೆ ಕಟ್ಟಲು ಅವನಿಗೆ ಮನಸ್ಸಿರಲಿಲ್ಲ. ಪುಣ್ಯಕ್ಕೆ ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ನಡೆದಿತ್ತು. ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಓಣಿಯಲ್ಲಿ ಎಲ್ಲರೂ ಸೊರಗಿದ್ದರು. ಅವನು ಸ್ವಲ್ಪ ಹೆಚ್ಚು ಸೊರಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

"ರೊಟ್ಟಿನ ಯಾಕ್ರೀ ಹಿಂಗೆ ಸಾರಲ್ಲಿ ಮುಳುಗಿಸಿ ಸಾಯಿಸ್ತೀರಿ? ಹಲ್ಲು ಉದುರಿದ್ವಾ?" ಎಂದಳು ದಿಮ್ಯಾನಾ.

"ವಯಸ್ಸಾಯ್ತು ಕಣೆ."

"ಹೌದು, ನನಗೆ ಮಾತ್ರ ಇನ್ನೂ ಹದಿನಾರು," ಎಂದು ಅವಳು ಬಟ್ಟಲು ಎತ್ತಿಕೊಂಡು ಹೋದಳು.

ಅಯ್ಯಾದ್ ಹುಟ್ಟಿದ್ದು ಕೈರೋದ ಕಸ ಆಯುವ ಕ್ರೈಸ್ತರ ಗುಡ್ಡದಲ್ಲಿ. ಊರಿನ ಎಂಜಲು ತಿನ್ನಿಸಿ ಹಂದಿ ಸಾಕುವುದು ಮನೆತನದ ಕಸುಬು. ಹಂದಿಜ್ವರದ ವರ್ಷ ಸರ್ಕಾರ ಹಂದಿಗಳನ್ನೆಲ್ಲ ಕೊಲ್ಲಿಸಿತು. ಅವನ ನಲವತ್ತೂ ಹೋದವು. ಆಮೇಲೆ ಒಂದು ಸಂಶೋಧನಾಲಯದಲ್ಲಿ ಕೆಲಸ ಸಿಕ್ಕಿತು. ಹೆಚ್ಚಿನವರು ಮುಸ್ಲಿಮರಾದ ಊರಿನಲ್ಲಿ ಹಂದಿಯ ಮೈ ಮುಟ್ಟುವ ಆಳು ಅವರಿಗೆ ಬೇಕಾಗಿತ್ತು. ಅಲ್ಲಿ ಡಾಕ್ಟರ್ ರಧ್ವಾ ಹಂದಿಗಳಿಗೆ ಮಂಪರಿನ ಮದ್ದು ಕೊಟ್ಟು, ಬಾಯಿಂದ ಕೊಳವೆ ಇಳಿಸಿ, ಅನ್ನನಾಳದ ಒಳಪದರಕ್ಕೆ ಕ್ಷಣಮಾತ್ರ ಕರೆಂಟು ಕೊಡುತ್ತಿದ್ದಳು. ಕೊಯ್ಯದೆ, ಸುಡದೆ ಕ್ಯಾನ್ಸರ್ ಗಡ್ಡೆಯನ್ನು ಸಾಯಿಸುವ ವಿದ್ಯೆ ಅದು. ಮನುಷ್ಯರಿಗೆ ಕೊಡುವ ಮೊದಲು ಎಷ್ಟು ಕರೆಂಟು ಸರಿ ಎಂದು ತಿಳಿಯಬೇಕಿತ್ತು. ತಿಳಿಯುವುದು ಅಯ್ಯಾದ್ ದಿನಾ ತುಂಬುವ ಹಾಳೆಯಿಂದ: ತಿಂದಿತು, ಅರ್ಧ ತಿಂದಿತು, ತಿನ್ನಲಿಲ್ಲ. ತಿನ್ನದ ಹಂದಿಯನ್ನು ಮರುದಿನವೇ ಸೂಜಿ ಚುಚ್ಚಿ ಕೊಲ್ಲುತ್ತಾರೆ ಎಂದು ಅವನು ನಂಬಿದ್ದ. ಯಾರನ್ನೂ ಕೇಳಿರಲಿಲ್ಲ.

ಹನ್ನೊಂದನೇ ನಂಬರಿನ ಹೆಣ್ಣು ಹಂದಿ ಕರೆಂಟು ಕೊಟ್ಟ ಎರಡನೇ ವಾರ ಒಣ ಮೇವನ್ನು ಅಗಿದು ಅಗಿದು ಹೊರಗೆ ಹಾಕಿತು. ಆಮೇಲೆ ಕತ್ತು ಚಾಚಿ ನಿಂತಿತು. ಆ ನಿಲುವು ಅಯ್ಯಾದ್‌ಗೆ ಚೆನ್ನಾಗಿ ಗೊತ್ತು. ಊಟದ ಹೊತ್ತಿಗೆ ಅವನೂ ಗೋಡೆಯ ಕಡೆ ತಿರುಗಿ ಹಾಗೇ ನಿಲ್ಲುತ್ತಿದ್ದ. ಹಂದಿಗಳು ಸಾಯುವುದನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಮೇವಿಗೆ ಬಿಸಿನೀರು ಹುಯ್ದು ಗಂಜಿ ಮಾಡಿ ಇಟ್ಟ. ಬಟ್ಟಲು ಖಾಲಿಯಾಯಿತು. ಹಾಳೆಯಲ್ಲಿ 'ತಿಂದಿತು' ಎಂದು ಬರೆದ. ಹತ್ತು ದಿನ ಹಾಗೇ ಬರೆದ.

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ ರಜೆ ಹಾಕಿದ. ಬದಲಿಗೆ ಬಂದವನು ಎಲ್ಲ ಬಟ್ಟಲಿಗೂ ಒಣ ಮೇವು ಸುರಿದ. ಅವನದೇನೂ ತಪ್ಪಿಲ್ಲ, ಅವನಿಗೆ ಹೇಳಿದವರಿಲ್ಲ. ಸೋಮವಾರ ಅಯ್ಯಾದ್ ಬರುವಷ್ಟರಲ್ಲಿ ಹನ್ನೊಂದನೇ ನಂಬರಿನ ಹಂದಿ ಸತ್ತಿತ್ತು. ಸಿಕ್ಕಿಕೊಂಡ ಮೇವು ಮರಳಿ ಬಂದು ಶ್ವಾಸಕೋಶಕ್ಕೆ ಹೋಗಿತ್ತು.

ರಧ್ವಾ ಅದರ ಅನ್ನನಾಳವನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದಳು. "ಇಲ್ನೋಡಿ ಕಾಕಾ. ಕರೆಂಟು ಕೊಟ್ಟಲ್ಲಿ ಕುಗ್ಗಿಹೋಗಿದೆ, ಪೆನ್ಸಿಲ್ ಕೂಡ ತೂರಲ್ಲ. ಇದು ದಿನಾ ಹೆಂಗೆ ತಿಂತಿತ್ತು?"

ಅಯ್ಯಾದ್ ಗಂಜಿಯ ವಿಷಯ ಹೇಳಿದ. ಅವಳು ಕೈಗವಸು ಬಿಚ್ಚಿದಳು.

"ನಿಮ್ಮ ಹಾಳೆ ನೋಡಿ ಇಷ್ಟು ಕರೆಂಟಿಂದ ತೊಂದ್ರೆ ಇಲ್ಲ ಅಂತ ಬರ್ದಿಟ್ಟಿದ್ದೆ. ನಾಳೆ ಮನುಷ್ಯರಿಗೆ ಕೊಡ್ತಿದ್ವಿ, ಕಾಕಾ."

"ಹೇಳಿದ್ರೆ ಕೊಂದುಬಿಡ್ತೀರಿ ಅಂದ್ಕೊಂಡೆ, ಡಾಕ್ಟ್ರಮ್ಮ."

"ಯಾಕ್ ಕೊಲ್ಲಲಿ? ಬಲೂನ್ ಇಳಿಸಿ ನಾಳಾನ ಹಿಗ್ಗಿಸ್ತಿದ್ದೆ. ಒಂದು ಬೆಳಗಿನ ಕೆಲಸ. ತಡ ಮಾಡಿದ್ರೇನೇ ಕಷ್ಟ."

ಅಯ್ಯಾದ್ ತೊಳೆಯಬೇಕಾದ ಬಕೆಟ್ಟು ಎತ್ತಿಕೊಂಡ, ಮತ್ತೆ ಕೆಳಗಿಟ್ಟ. ಎರಡೆರಡು ಗುಟ್ಟು ಹೊತ್ತು ಅವನಿಗೆ ಸುಸ್ತಾಗಿಹೋಗಿತ್ತು.

"ಎರಡು ತಿಂಗಳು ಅಂದ್ರೆ ತಡಾನಾ, ಡಾಕ್ಟ್ರಮ್ಮ?"

"ಯಾವ ಎರಡು ತಿಂಗಳು? ಇದಕ್ಕೆ ಕರೆಂಟು ಕೊಟ್ಟು ಇನ್ನೂ ತಿಂಗಳಾಗಿಲ್ಲ."

"ಇದಕ್ಕಲ್ಲ," ಎಂದ ಅಯ್ಯಾದ್.