ಇಲ್ಲ ಅನ್ನಲಾಗದ ವಾಮನಣ್ಣ

ಬರ್ ದುಬೈಯ ಕಚೇರಿಯೊಂದರಲ್ಲಿ, ಕೋರ್ಟಿನ ಆನ್‌ಲೈನ್ ವಿಚಾರಣೆಗೆಂದು ಕಂಪ್ಯೂಟರಿನ ಮುಂದೆ ನಾವು ನಾಲ್ವರಿದ್ದೆವು: ಬಸ್ ಓಡಿಸುವ ವಾಮನಣ್ಣ, ಅವರ ಪರ ವಾದಿಸಲು ಕಾನೂನು ವಿದ್ಯಾರ್ಥಿನಿ ಸಫಾ, ಅವಳ ಬೆನ್ನಿಗೆ ಅವಳ ಕಾಲೇಜಿನ ಮೇಷ್ಟ್ರು, ಕೋರ್ಟಿನ ಮಾತನ್ನು ವಾಮನಣ್ಣನಿಗೆ ಕನ್ನಡದಲ್ಲಿ ತಿಳಿಸಲು ನಾನು. ಕೆಂಪು ಸಿಗ್ನಲ್ ದಾಟಿದರೆಂಬ ಈ ಕೇಸಿನಲ್ಲಿ ಲೈಸೆನ್ಸ್ ಹೋದರೆ ವಾಮನಣ್ಣನ ಕೆಲಸವೂ ಹೋದಂತೆಯೇ. ಸಿಗ್ನಲ್ ಹಸಿರಿತ್ತೆಂದು ಸಫಾ ಚೆನ್ನಾಗಿಯೇ ವಾದಿಸಿದಳು.

ಆಮೇಲೆ ಪರದೆಯಲ್ಲಿದ್ದ ನ್ಯಾಯಾಧೀಶರು, ಕೆಂಪು ಸಿಗ್ನಲ್ ದಾಟಿದಿರಾ ಎಂದು ಕೇಳಿದರು. ವಾಮನಣ್ಣ ಎದ್ದು ಕೈಮುಗಿದರು. "ಹೌದು ಸ್ವಾಮೀ."

"ಹಸಿರಿತ್ತು ಅಂತ ನೀವೇ ಹೇಳಿದ್ದಲ್ವಾ ಅಣ್ಣಾ!" ಹೊರಗೆ ಬಂದ ಮೇಲೆ ಸಫಾ ಅತ್ತೇಬಿಟ್ಟಳು.

"ಹಸಿರೇ ಇದ್ದದ್ದು. ಅಷ್ಟು ದೊಡ್ಡವರು ಕೇಳುವಾಗ ಇಲ್ಲ ಅನ್ನುದು ಹೇಗೆ ಮಾರಾಯ್ತಿ?"

ಮೇಲ್ಮನವಿಯೂ ಬಿದ್ದುಹೋಯಿತು. ಕೆಲಸ ಕಳೆದುಕೊಂಡ ವಾಮನಣ್ಣ ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಸಫಾ, "ಮತ್ತೆ ಬರ್ತೀರಲ್ವಾ?" ಎಂದಳು. ವಾಮನಣ್ಣ ಅದಕ್ಕೂ "ಹೌದು" ಎಂದರು.