ಗಂಡಸರು ಯಾರು ಅದಾರ?

ನರ್ಸಾಗಿ ಜರ್ಮನಿಗೆ ಬಂದ ಎರಡನೇ ವಾರವೇ ವಾರ್ಡಿನಲ್ಲಿ ಬೈಸಿಕೊಂಡೆ. ಐವತ್ತು ದಾಟಿದ ಹೆಲ್ಗಾ ಎಂಬಾಕೆಗೆ ಗರ್ಭಕೋಶ ತೆಗೆಯುವ ಆಪರೇಷನ್ ನಿಗದಿಯಾಗಿತ್ತು. ಒಪ್ಪಿಗೆಯ ಕಾಗದ ಹಿಡಿದು ನಾನು ಸೀದಾ ಹೋಗಿದ್ದು ಹೊರಗೆ ಕಾಫಿ ಕುಡಿಯುತ್ತಿದ್ದ ಆಕೆಯ ಗಂಡನ ಹತ್ತಿರ. ಪೆನ್ನನ್ನೂ ಕೈಗಿಟ್ಟೆ. "ಹೊಟ್ಟೆ ಅವಳದು, ಸಹಿ ನನ್ನದೇಕೆ?" ಎಂದ ಆತ. ಹಿರಿಯ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ದಬಾಯಿಸಿ, ಒಂದು ಶಬ್ದ ಕಲಿಸಿದಳು: ಐನ್‌ವಿಲ್ಲಿಗುಂಗ್. ಒಪ್ಪಿಗೆ ಎಂದರ್ಥ. ಅದೂ ರೋಗಿಯ ಒಪ್ಪಿಗೆ, ಮನೆಮಂದಿಯದಲ್ಲ.

ಹೆಲ್ಗಾ ಕಾಗದವನ್ನೆಲ್ಲ ಓದಿ, ಡಾಕ್ಟರಿಗೆ ಅರ್ಧ ತಾಸು ಪ್ರಶ್ನೆ ಹಾಕಿ, ಕೊನೆಗೆ "ಬೇಡ" ಅಂದಳು. ಡಾಕ್ಟರು ಸಿಟ್ಟಾಗಲಿಲ್ಲ. ಬೇರೆ ಔಷಧಿ ಬರೆದರು, ಮೇಲೆ ಮೂರು ವಾರ ಬೆಟ್ಟದೂರಿನ ಆರೈಕೆ ಕೇಂದ್ರಕ್ಕೆ ಕಳಿಸಿದರು. ಖರ್ಚೆಲ್ಲ ವಿಮೆಯದು, ಸರಕಾರದ್ದು. ತೆರಿಗೆ, ವಿಮೆ ಎಂದು ನನ್ನ ಸಂಬಳದಿಂದ ಮುರಿದುಕೊಳ್ಳುವುದೂ ಅದರಲ್ಲಿತ್ತು. ಅಬ್ಬಾ, ನನ್ನ ಹೊಟ್ಟೆ ಉರಿದದ್ದು ಅಷ್ಟಿಷ್ಟಲ್ಲ! ನಮ್ಮೂರ ಕಡೆಯ ಅಂಕಲಿಯಲ್ಲಿರುವ ನನ್ನ ಶಾಂತಕ್ಕ ಕಬ್ಬಿನ ಕಸ ತೆಗೆಯುವ ಕೂಲಿಯವಳು. ಅವಳೂ ಸೋಪು, ಗುಳಿಗೆಗೆಲ್ಲ ತೆರಿಗೆ ಕೊಟ್ಟವಳೇ. ಅವಳನ್ನು ಯಾರು ಬೆಟ್ಟಕ್ಕೆ ಕಳಿಸಿದರು?

ನಾನು ನಿಪ್ಪಾಣಿ ತಾಲೂಕಿನ ಭೋಜದವಳು. ಆ ಸೀಮೆಯ ಒಂದು ಖಾಸಗಿ ದವಾಖಾನೆಯಲ್ಲಿ ಆರು ವರ್ಷ ನರ್ಸಾಗಿದ್ದೆ. ಆಪರೇಷನ್ ಅಂದಕೂಡಲೇ ಬಾಗಿಲಿಗೆ ಬಂದು ಕೂಗುವುದು ನನ್ನ ಕೆಲಸ: "ಗಂಡಸರು ಯಾರು ಅದಾರ? ಬರ್ರಿ, ಸಹಿ ಮಾಡ್ರಿ." ಒಳಗೆ ಮಲಗಿದವಳನ್ನು ಕೇಳಬೇಕು ಎಂದು ನನಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ.

ಇಲ್ಲಿ ಜರ್ಮನಿಯಲ್ಲಿ ಯಾರೂ ಯಾರ ಗೊಡವೆಗೂ ಬರುವುದಿಲ್ಲ. ಮೂರು ದಿನ ಜ್ವರ ಬಂದು ಮಲಗಿದರೂ ಪಕ್ಕದ ಮನೆಯವಳು ಬಾಗಿಲು ತಟ್ಟಲಿಲ್ಲ. ಭೋಜದಲ್ಲಾಗಿದ್ದರೆ ನಾಲ್ಕು ಮನೆಯ ಗಂಜಿ ಬರುತ್ತಿತ್ತು, ಜೊತೆಗೆ ನಾಲ್ಕು ಮನೆಯ ಬುದ್ಧಿಮಾತು. ಆ ಬುದ್ಧಿಮಾತಿಗೂ ನಾನು ಹಂಬಲಿಸಿ ಅತ್ತೆ.

ಹೋದ ತಿಂಗಳು ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕನ ಫೋನು.

"ಸುನೀ, ರಕ್ತ ಭಾಳ ಹೋಗಾಕತ್ತೈತಿ. ಗರ್ಭಚೀಲ ತೆಗಸೂದಂತ. ಗುರುವಾರ. ಕಬ್ಬು ಕಡಿಯೂದು ಸುರು ಆಗೂದ್ರಾಗ ಮುಗೀಲಿ ಅಂತ ನಿಮ್ಮ ಮಾಮಾ ಸಹಿ ಮಾಡಿ ಬಂದಾನ." ಮಾಮಾ ಅಂದರೆ ಅವಳ ಗಂಡ.

"ನಿನ್ನ ಕೇಳಿದ್ನೇನಬೇ?"

"ನನ್ನ ಏನ್ ಕೇಳೂದೈತಿ?"

ನಾನು ಒಂದೇ ಉಸುರಿಗೆ ಹೇಳಿದೆ. ಮೊದಲು ಸ್ಕ್ಯಾನಿಂಗ್ ಮಾಡಿಸು, ಇನ್ನೊಬ್ಬ ಡಾಕ್ಟರಿಗೆ ತೋರಿಸು, ಗುಳಿಗೆಯಲ್ಲೇ ಕಡಿಮೆಯಾಗಬಹುದು, ಬೇಡ ಅನ್ನುವ ಹಕ್ಕು ನಿನಗಿದೆ.

"ಇಲ್ಲಿ ಇದ್ದಾಗ ಇದನ್ನ ಯಾರಿಗರೆ ಹೇಳಿದ್ದೇನ ನೀ?" ಅಂದಳು ಅಕ್ಕ.

ನಾನು ಫೋನು ಇಟ್ಟು, ಊಟದ ಡಬ್ಬಿ ಮುಚ್ಚಿ ವಾರ್ಡಿಗೆ ಮರಳಿದೆ.

ಗುರುವಾರ ಫೋನು ಹಚ್ಚಿದರೆ ಅವಳು ಎತ್ತಲಿಲ್ಲ. ಮಾಮಾ ಎತ್ತಿ, "ನಿಮ್ಮಕ್ಕ ದವಾಖಾನಿಗೆ ಹೋಗೂ ಗಾಡಿ ಹತ್ತಲಿಲ್ಲವ್ವಾ. ಓಣಿ ಮಂದಿ ಎದುರಿಗೆ ಒಲ್ಲೆ ಅಂದ್ಲು. ಒಬ್ಬಾಕಿನ ಬಸ್ಸಿಗೆ ಹೋಗ್ಯಾಳ" ಎಂದು ಗುರುಗುಟ್ಟಿದ. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಸಂಜೆ ಅಕ್ಕನೇ ಫೋನು ಹಚ್ಚಿದಳು. ಅವಳು ಹೋಗಿದ್ದು ಸರಕಾರಿ ದವಾಖಾನೆಗೆ. ಸ್ಕ್ಯಾನಿಂಗ್ ಆಯಿತು, ಸಣ್ಣ ಗಂಟು, ಸದ್ಯಕ್ಕೆ ಗುಳಿಗೆ ಸಾಕು ಅಂದರಂತೆ. ಎಲ್ಲ ಹೇಳಿ ಮುಗಿಸಿ ನಕ್ಕಳು. "ಅಲ್ಲಿ ಒಂದು ನರ್ಸ್ ಹುಡುಗಿ, ಥೇಟ್ ನಿನ್ನಂಗ, 'ಗಂಡಸರು ಯಾರು ಅದಾರ?' ಅಂತು. 'ನಾನ ಅದೀನಿ, ನನ್ನ ಮುಂದನ ಹೇಳವ್ವಾ' ಅಂದೆ."

ಹೆಲ್ಗಾಳ ಬೆನ್ನಿಗೆ ಕಾಯ್ದೆ ಇತ್ತು, ವಿಮೆ ಇತ್ತು, ಊರಿನವರೆಲ್ಲ ಕಟ್ಟಿದ ತೆರಿಗೆ ಇತ್ತು. ಅಕ್ಕನ ಬೆನ್ನಿಗೆ ಯಾರೂ ಇರಲಿಲ್ಲ, ನಾನೂ ಇರಲಿಲ್ಲ. ಇಲ್ಲಿ ಈಗ ದಿನಾ ರೋಗಿಗಳನ್ನೇ ಕೇಳಿ ಸಹಿ ಹಾಕಿಸುತ್ತೇನೆ, ಕೈ ಪಳಗಿದೆ. ಆದರೆ ಅಕ್ಕನ 'ನಾನ ಅದೀನಿ' ಎಂಬ ಮಾತನ್ನು ಎದುರಿಗೆ ನಿಂತು ಕೇಳಿದ್ದು ಆ ನರ್ಸ್ ಹುಡುಗಿ, ನಾನಲ್ಲ. ಹೆಲ್ಗಾಳ ಮೇಲಿನ ಉರಿ ಎಂದೋ ತಣ್ಣಗಾಗಿದೆ. ಈಗ ನನಗೆ ಹೊಟ್ಟೆಕಿಚ್ಚು ಆ ಹುಡುಗಿಯ ಮೇಲೆ.