ತಾಟು ಮುಟ್ಟಿ ಹೋಗು

ಜುಲೈ ತಿಂಗಳು, ಮಂಗಳವಾರ, ಬೆಳಗಿನ ಆರೂವರೆ ಗಂಟೆ. ಹಾಜರಿದ್ದವರು: ಇಲ್ಲಿ ಮೂರು ವರ್ಷದಿಂದ ನರ್ಸ್ ಆಗಿರುವ ನಾನು; ನಿನ್ನೆ ಸಂಜೆಯ ದೋಣಿಗೆ ಬಂದಿಳಿದ ಹೊಸ ನರ್ಸ್, ಭಾಲ್ಕಿ ತಾಲ್ಲೂಕಿನ ಹಲಬರ್ಗಾದ ವಿಮಲಾ; ಈ ಮನೆಯ ಯಜಮಾನ, ಆತನ ಹೆಂಡತಿ ಇಂದೈ ಬುಂಗಾ, ದೋಣಿಯವನು, ಮತ್ತು ಮಳೆಗೆ ಹೆದರಿ ಒಳಗೆ ಬಂದ ಕೋಳಿಗಳು.

ಇಂದೈ ಬುಂಗಾ ಒಂದು ತಾಟಿನಲ್ಲಿ ಬಿಸಿ ಅನ್ನ, ಹೊಗೆಯಲ್ಲಿ ಒಣಗಿಸಿದ ಮೀನು ಹಾಕಿ ವಿಮಲಾಳ ಮುಂದೆ ಹಿಡಿದಳು. ವಿಮಲಾ ಕೈಮುಗಿದು "ಬ್ಯಾಡ್ರಿ" ಎಂದು ಮೂರು ಹೆಜ್ಜೆ ಹಿಂದೆ ಸರಿದಳು. ಇಂದೈ ಬುಂಗಾ ಮೂರು ಹೆಜ್ಜೆ ಮುಂದೆ ಬಂದಳು. ವಿಮಲಾ ಇನ್ನಷ್ಟು ಸರಿದಳು, ಬಾಗಿಲು ದಾಟಿದಳು, ಮೆಟ್ಟಿಲಿನಂತೆ ಕಚ್ಚು ಹಾಕಿದ ಮರದ ದಿಮ್ಮಿಯನ್ನು ಹಿಡಿದು ಅಂಗಳಕ್ಕೆ ಇಳಿದೇಬಿಟ್ಟಳು. ಅರವತ್ತು ದಾಟಿದ ಆ ಯಜಮಾನಿ ತಾಟು ಹಿಡಿದುಕೊಂಡೇ ಕೆಸರಿಗೆ ಇಳಿದು ಅವಳ ಬೆನ್ನು ಹತ್ತಿದಳು. ಅನ್ನದ ಆಸೆಗೆ ಕೋಳಿಗಳೂ ಹೋದವು. ಗದ್ದಲಕ್ಕೆ ಎದ್ದುಬಂದ ಇಪ್ಪತ್ತು ಜನ ಮೇಲಿನಿಂದ ಕೂಗುತ್ತಿದ್ದರು. ಕೊನೆಗೆ ವಿಮಲಾ ಅಂಗಳದಲ್ಲಿದ್ದ ನನ್ನ ಔಷಧದ ಕೋಣೆಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಬೀದರಿನ ನಮ್ಮ ಚರ್ಚಿನ ಸಭೆಯವರು ಇದನ್ನು ಓದುವಾಗ ನಗಬಹುದು. ಇಲ್ಲಿ ಯಾರೂ ನಗಲಿಲ್ಲ. ಕಾರಣ ಹೇಳುತ್ತೇನೆ.

ಇದು ಬೋರ್ನಿಯೊ ದ್ವೀಪದ ಸರಾವಾಕ್ ಎಂಬ ನಾಡು. ಇಲ್ಲಿಯ ಇಬಾನ್ ಜನ ಒಂದೇ ಉದ್ದನೆಯ ಮನೆಯಲ್ಲಿ ಇಡೀ ಊರಾಗಿ ಇರುತ್ತಾರೆ. ಬೀದರಿನ ಒಂದು ಗಲ್ಲಿಯನ್ನು ಎತ್ತಿ ಆಳೆತ್ತರದ ಕಂಬಗಳ ಮೇಲೆ ಇಟ್ಟು, ಮೇಲೆ ಒಂದೇ ಸೂರು ಹೊದಿಸಿದರೆ ಹೇಗೋ ಹಾಗೆ. ಪ್ರತಿ ಕುಟುಂಬಕ್ಕೂ ಹಿಂಭಾಗದಲ್ಲಿ ಒಂದು ಕೋಣೆ. ಅದಕ್ಕೆ ಬಿಲಿಕ್ ಎನ್ನುತ್ತಾರೆ. ಮುಂಭಾಗ ಎಲ್ಲರಿಗೂ ಸೇರಿದ ಉದ್ದ ಪಡಸಾಲೆ, ಅದು ರುವಾಯ್. ಹೆಂಗಸರನ್ನು ಮಗುವಿನ ಹೆಸರಿನಿಂದ ಕರೆಯುವುದು ನಮ್ಮಂತೆಯೇ. ಇಂದೈ ಬುಂಗಾ ಎಂದರೆ ಬುಂಗಾಳ ತಾಯಿ. ಮಕ್ಕಳಿಲ್ಲದ ನನ್ನನ್ನು ಏನೆಂದು ಕರೆಯಬೇಕೆಂದು ಅವರು ಒಂದು ವಾರ ಚರ್ಚೆ ಮಾಡಿ, ಕೊನೆಗೆ ಅಜ್ಜಿ ಎಂದು ಗೊತ್ತುಮಾಡಿದರು.

ಇವರಲ್ಲಿ ಒಂದು ಕಟ್ಟಳೆ ಇದೆ. ಯಾರಾದರೂ ಊಟ ಮುಂದೆ ಹಿಡಿದರೆ ತಿನ್ನದಿದ್ದರೂ ನಡೆಯುತ್ತದೆ, ಮುಟ್ಟದೆ ಹೋಗಬಾರದು. ಹೋದವರಿಗೆ ದಾರಿಯಲ್ಲಿ ಹಾವು ಕಚ್ಚುತ್ತದೆ, ದೋಣಿ ಮಗುಚುತ್ತದೆ, ಮೊಸಳೆ ಹಿಡಿಯುತ್ತದೆ. ಈ ಗಂಡಾಂತರಕ್ಕೆ ಪುನಿ ಎಂದು ಹೆಸರು. ಒಂದು ಬೆರಳು ತಾಟಿಗೆ ತಾಗಿಸಿದರೆ ಸಾಕು, ಪುನಿ ಇಲ್ಲ. ನಾನು ಮೊಸಳೆಗೆ ಹೆದರುವುದಿಲ್ಲ ಎಂದಲ್ಲ, ಪುನಿಗೆ ಹೆದರುವುದಿಲ್ಲ. ಆದರೂ ಮುಟ್ಟುತ್ತೇನೆ. ಮುಟ್ಟದಿದ್ದರೆ ಅವರು ಇಡೀ ದಿನ ನನ್ನ ಜೀವಕ್ಕಾಗಿ ಹೆದರುತ್ತಾರೆ.

ಏಳು ಗಂಟೆಗೆ ರೋಗಿಗಳು ಬರುತ್ತಾರೆ. ಆರೂ ಮುಕ್ಕಾಲಿಗೆ ಬಾಗಿಲು ಬಡಿದೆ.

"ವಿಮಲಾ, ಬಾಗಲಾ ತಗಿ. ಸೂಜಿ ಕುದಿಸೋದದ."

ತೆಗೆದಳು. ಕಣ್ಣು ಕೆಂಪಗಿತ್ತು.

"ಅಕ್ಕೋರ, ನಾ ಮುಟ್ಟಿದ್ರ ಅವರು ಆ ತಾಟು ಏನ್ ಮಾಡ್ತಾರ್ರಿ? ಒಗೀತಾರೇನ್ರಿ?"

ಮೂರು ವರ್ಷದ ಕೆಳಗೆ ನಾನೂ ಇದೇ ತಪ್ಪು ಮಾಡಿದ್ದೆ. ಅವಳೂ ನಾನೂ ಊರ ಹೊರಗಿನ ಕೇರಿಯವರು. ದೊಡ್ಡ ಮನೆಯ ಬಾಗಿಲಲ್ಲಿ ನಿಂತು ಬೊಗಸೆ ಒಡ್ಡಿ, ಮೇಲಿನಿಂದ ಸುರಿದ ನೀರು ಕುಡಿದು ಬೆಳೆದವರು. ಪರರ ತಾಟು ಮುಟ್ಟದಿರುವುದು ನಮಗೆ ಮರ್ಯಾದೆ. ಇಲ್ಲಿ ಅದೇ ಅಪಮಾನ. ಊರಿನ ಯಜಮಾನಿ ತಾನಾಗಿ ತಾಟು ಹಿಡಿದು ನಮ್ಮ ಬೆನ್ನು ಹತ್ತಬಹುದು ಎಂಬುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

"ಒಗಿಯಂಗಿಲ್ಲ. ಅದರಾಗೇ ಅವರು ಉಣ್ತಾರ" ಎಂದೆ.

"ಇರಬಹುದು. ನಾ ಇವತ್ತಿನ ದೋಣಿಗೆ ವಾಪಸ್ ಹೋಗ್ತೇನ್ರಿ."

ದೋಣಿ ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಇಂದು ಸಂಜೆ ಐದಕ್ಕೆ ಹೊರಡುತ್ತದೆ. ನನ್ನ ಮೂರು ವರ್ಷದ ಅವಧಿ ಮುಗಿದಿದೆ. ವಿಮಲಾ ಬಂದಿರುವುದೇ ನನ್ನ ಜಾಗಕ್ಕೆ. ಅವಳು ಹೋದರೆ ಈ ಔಷಧದ ಕೋಣೆಗೆ ಬೀಗ ಬೀಳಬೇಕು, ಇಲ್ಲವೇ ನಾನು ಉಳಿಯಬೇಕು. ನನ್ನ ಮೊಣಕಾಲು ಈಗ ದಿಮ್ಮಿಯ ಮೆಟ್ಟಿಲನ್ನು ದಿನಕ್ಕೆ ಎರಡು ಸಲ ಮಾತ್ರ ಒಪ್ಪುತ್ತದೆ.

"ಯಾಕ?" ಎಂದೆ.

"ನನಗ ದೇವರ ಕರೆ ಬಂದಿಲ್ರಿ. ಪಾದ್ರಿಯವರು ಹೆಸರು ಬರೀಲೇನು ಅಂದ್ರು, ನಾ ಹೂಂ ಅಂದೆ. ಅಷ್ಟೇ. ನಿಮಗ ಬಂದಿತ್ತಲ್ರಿ? ಹ್ಯಾಂಗ ಬಂತು? ದನಿ ಕೇಳಿಸ್ತೇನ್ರಿ?"

ಈ ಪ್ರಶ್ನೆಯನ್ನು ಊರಿನಿಂದ ಪತ್ರ ಬರೆದು ಕೇಳಿದವರೂ ಇದ್ದಾರೆ. ಎಲ್ಲರಿಗೂ ಒಟ್ಟಿಗೇ ಉತ್ತರ ಬರೆಯುತ್ತೇನೆ. ಅವಳಿಗೂ ಇದನ್ನೇ ಹೇಳಿದೆ, ಪಟ್ಟಿ ಸುತ್ತುತ್ತಾ, ಸೂಜಿ ಕುದಿಸುತ್ತಾ, ನಡುನಡುವೆ ರೋಗಿಗಳನ್ನು ನೋಡುತ್ತಾ. ದನಿ ಕೇಳಿಸಲಿಲ್ಲ. ಬೆಳಕು ಕಾಣಲಿಲ್ಲ. ನಾನು ಮಿಷನ್ ಬೋರ್ಡಿಂಗಿನಲ್ಲಿ ಬೆಳೆದವಳು. ಐದಕ್ಕೆ ಗಂಟೆ, ಐದೂಕಾಲಿಗೆ ಸ್ನಾನ, ಐದೂ ಮುಕ್ಕಾಲಿಗೆ ಪ್ರಾರ್ಥನೆ. ದೇವರು ಕರೆಯುವುದಿದ್ದರೆ ಕೆಲಸದ ಹೊತ್ತಿನಲ್ಲೇ ಕರೆಯಬೇಕಾಗಿತ್ತು, ನನಗೆ ಬೇರೆ ಹೊತ್ತೇ ಇರಲಿಲ್ಲ.

ನನ್ನನ್ನು ಇಲ್ಲಿಗೆ ತಂದದ್ದು ಮೂರು ಸಂಗತಿ. ಮೊದಲನೆಯದು ಬೀದರಿನದು. ನಾನು ಊರು ಬಿಡುವ ಮೊದಲೇ ಊರು ರಾಜ್ಯ ಬದಲಿಸಿತ್ತು. ಬೀದರ್ ಮೈಸೂರಿಗೆ ಸೇರಿದಾಗ ನನಗೆ ನಲವತ್ತು ದಾಟಿತ್ತು. ಅಲ್ಲಿಯವರೆಗೆ ಕಚೇರಿ ಕಾಗದ ಉರ್ದುವಿನಲ್ಲಿ. ಆಮೇಲೆ ಕನ್ನಡ. ನಾನು ಮತ್ತೆ ಒತ್ತಕ್ಷರ ತಿದ್ದಿದೆ. ಅದೇ ಹೊತ್ತಿಗೆ ಮೈಸೂರು ಕಡೆಯ ಎಳೆಯ ಡಾಕ್ಟರಮ್ಮ ಒಬ್ಬರು ನಮ್ಮ ಆಸ್ಪತ್ರೆಗೆ ಬಂದರು. ಔರಾದಿನ ಹೆಂಗಸೊಬ್ಬಳು ಹೊಟ್ಟೆ ಹಿಡಿದುಕೊಂಡು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ನೋವು ಹೇಳಿದಾಗ ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಸಿಸ್ಟರ್, ಇವರು ಏನಂತಾ ಇದಾರೆ? ಇದು ಯಾವ ಭಾಷೆ?" ಎಂದರು. ಆ ಹೆಂಗಸು ನನ್ನ ಸೆರಗು ಎಳೆದು, "ನರ್ಸಬಾಯಿ, ಈ ಡಾಕ್ಟರ್ ಬಾಯಿ ಯಾವ ಮುಲ್ಕಿನಾಕಿ? ನಮ್ಮ ಮಾತು ತಿಳಿಯಂಗಿಲ್ಲಲ್ಲ?" ಎಂದಳು. ಇಬ್ಬರೂ ಒಂದೇ ರಾಜ್ಯದವರು, ಕನ್ನಡದವರೇ. ನಾನು ನಡುವೆ ದುಭಾಷಿ.

ಒಂದು ಮಧ್ಯಾಹ್ನ ಆ ಡಾಕ್ಟರಮ್ಮ ಬಟ್ಟೆ ಕೋಣೆಯಲ್ಲಿ ಅಳುತ್ತಿದ್ದರು. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ, ಯಾರ ಮಾತೂ ತಿಳಿಯುತ್ತಿಲ್ಲ. ದಿನಕ್ಕೆ ನಮ್ಮ ಮಾತಿನ ಹತ್ತು ಪದ ಕಲಿಸುವುದೆಂದು ಗೊತ್ತುಮಾಡಿದೆ. ನಾಲ್ಕು ತಿಂಗಳಾದ ಮೇಲೆ ವಾರ್ಡಿನಲ್ಲಿ ಅವರ ದನಿ ಕೇಳಿತು: "ಯಾಕ, ನಿನ್ನೆ ಯಾಕ ಬರಲಿಲ್ಲ? ಗೋಳಿ ತಗೊಂಡಿಲ್ಲೇನು?" ಬೈಸಿಕೊಂಡ ಮುದುಕ ಖುಷಿಯಿಂದ ನಗುತ್ತಿದ್ದ. ಹೊರಗಿನವರು ಒಳಗಿನವರಾಗುವುದು ದಿನಕ್ಕೆ ಹತ್ತು ಪದದ ಕೆಲಸ ಎಂದು ನಾನು ಅಂದು ಕಂಡೆ.

ಎರಡನೆಯದು ಭಾಲ್ಕಿಯ ಕಡೆ, ಕುರಿ ಸಾಕುವವರ ಹಟ್ಟಿ. ಹೆರಿಗೆಗೆ ಕರೆದಿದ್ದರು. ಕೂಸು ಹುಟ್ಟಿತು, ತಾಯಿ ಉಳಿದಳು. ನಾನು ಎಂದಿನಂತೆ ಹೊರಗೆ ಬಂದು ನೀರಿಗೆ ಬೊಗಸೆ ಒಡ್ಡಿದೆ. ಬಾಣಂತಿಯ ಅತ್ತೆ ಚೊಂಬು ತಂದಳು. ಸುರಿಯಲಿಲ್ಲ, ನನ್ನ ಕೈಯಲ್ಲಿ ಇಟ್ಟಳು. ಅವಳ ಗಂಡ "ಏನ್ ಮಾಡ್ಲತ್ತಿ?" ಎಂದ. "ಕೂಸು ಆಕಿ ಕೈಯಾಗ ಬಂದದ. ಚೊಂಬು ಬಂದ್ರೇನಾತು?" ಎಂದಳು. ಅಷ್ಟೇ ಮಾತು. ನಾನು ಕುಡಿದೆ. ಆಮೇಲೆ ಚೊಂಬು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಹಿಡಿದುಕೊಂಡೇ ನಿಂತೆ.

"ಮೂರನೇದು?" ಎಂದಳು ವಿಮಲಾ. ಅಷ್ಟರಲ್ಲಿ ಹನ್ನೊಂದಾಗಿತ್ತು. ಒಂದು ಮಗುವಿನ ಕಾಲಿನ ಹುಣ್ಣನ್ನು ಅವಳು ತೊಳೆಯುತ್ತಿದ್ದಳು. ಕೈ ಒಳ್ಳೆಯದು, ಮಗು ಅಳಲಿಲ್ಲ. ನಾನು ಅದನ್ನು ಅವಳಿಗೆ ಹೇಳಲಿಲ್ಲ.

ಮೂರನೆಯದು ಔರಾದಿನ ನಮ್ಮ ಸಭೆಯ ಗುಡಿಯಲ್ಲಿ, ಗುಡಾರದಂಥ ಸಣ್ಣ ಚರ್ಚಿನಲ್ಲಿ. ಹೆಂಗಸರು ಅಡಿಗೆಗೆ ಮೊದಲು ಒಂದು ಹಿಡಿ ಜೋಳ ಗಡಿಗೆಗೆ ಹಾಕಿ, ತಿಂಗಳಿಗೊಮ್ಮೆ ಗುಡಿಗೆ ತರುವುದು ನಿಮಗೆಲ್ಲ ಗೊತ್ತು. ಆ ಕಾಳಿನಿಂದ ನಮ್ಮವರೇ ಒಬ್ಬರನ್ನು ಪರದೇಶದ ಸೇವೆಗೆ ಕಳಿಸುವುದೆಂದು ಗೊತ್ತಾಗಿತ್ತು. ಸರಾವಾಕಿಗೆ ನರ್ಸ್ ಬೇಕೆಂಬ ಪತ್ರವನ್ನು ಓದಿದರು. ಎಲ್ಲರೂ ನೆಲ ನೋಡಿದರು. ಮೂಲೆಯಲ್ಲಿ ಜೋಳ ಕೇರುತ್ತಿದ್ದ ಮುದುಕಿ ಕಾಶೀಬಾಯಿ ತಲೆ ಎತ್ತದೆ ಕೇಳಿದಳು: "ವರ್ಷ ಆತು, ಹಿಡಿ ಹಿಡಿ ಕೂಡಸ್ತೀವಿ. ಹೋಗೋರು ಯಾರ್ರಿ? ಜೋಳ ತಾನೇ ನಡ್ಕೋತ ಹೋಗ್ತದೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೀದರಿನ ಬಸ್ಸಿನಲ್ಲಿ ಕುಳಿತಾಗ ನಗು ನಿಂತಿತ್ತು. ಸೀಟಿಗೆ ಒರಗಿ ಕುಳಿತು ಲೆಕ್ಕ ಹಾಕಿದೆ: ನರ್ಸ್ ಬೇಕು, ನಾನು ನರ್ಸ್. ಗಂಡ ಇಲ್ಲ, ಮಕ್ಕಳಿಲ್ಲ. ಬಸ್ಸು ಬೀದರ್ ತಲುಪುವವರೆಗೆ 'ಆದರೆ' ಎಂದು ಹೇಳಲು ಒಂದು ಕಾರಣ ಹುಡುಕಿದೆ, ಸಿಗಲಿಲ್ಲ. ಮನೆಗೆ ಬಂದು ತಮ್ಮ ಸಮುವೇಲನಿಗೆ ಹೇಳಿದೆ. ಅವನು ಸಾಲಿ ಮಾಸ್ತರ, ಮಾತಿಗೆ ಬಡವನಲ್ಲ. "ಬೀದರ ಕೋಟಿ ಮೆಟ್ಟಲ ಹತ್ತಿದ್ರ ಮೊಣಕಾಲ ನೋಯ್ತದ ಅಂತಿ. ಈ ವಯಸ್ಸಿಗೆ ಹಡಗ ಹತ್ತಾಕಿ ಆದಿ? ಅಲ್ಲಿ ಮಂದಿ ನಿನ್ನ ಪ್ರಾರ್ಥನಿಗೆ ಮೊದಲ ನಿನ್ನ ಶಿಸ್ತಿಗೆ ಓಡಿ ಹೋಗ್ತಾರ ನೋಡಕ್ಕಾ" ಎಂದ. ಮರುದಿನ ಬೆಳಿಗ್ಗೆ ಅವನೇ ಟ್ರಂಕಿಗೆ ಹೊಸ ಬೀಗ ತಂದ.

ವಿಮಲಾ ಕೈ ಒರೆಸಿಕೊಂಡಳು.

"ಇಷ್ಟೇ ಏನ್ರಿ?"

"ಇಷ್ಟೇ."

"ಇದರಾಗ ಕರೆ ಎಲ್ಲದರಿ?"

"ನನಗೂ ಬರಾಬರ್ ಗೊತ್ತಿಲ್ಲ. ಈ ಮೂರರಾಗ ಒಂದು ಇಲ್ದಿದ್ರ ನಾ ಇಲ್ಲಿ ಇರ್ತಿರಲಿಲ್ಲ. ಅಷ್ಟು ಗೊತ್ತು."

ಅವಳಿಗೆ ಸಮಾಧಾನ ಆಗಲಿಲ್ಲ. ಹಾಸಿಗೆ ಕಟ್ಟಲು ಹೋದಳು. ನಾನು ತಡೆಯಲಿಲ್ಲ. ಬಲವಂತದಿಂದ ಉಳಿದವರ ಕೈಯ ಇಂಜೆಕ್ಷನ್ ನೋಯುತ್ತದೆ.

ಮಧ್ಯಾಹ್ನ ಯಜಮಾನ ಬಂದು ನನ್ನ ಪಕ್ಕದಲ್ಲಿ ಕುಳಿತ. ಅವನ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಸರಾವಾಕ್ ಈಗ ಮಲೇಶಿಯಾ ಎಂಬ ಹೊಸ ದೇಶಕ್ಕೆ ಸೇರಲಿದೆ. ಪಡಸಾಲೆಯಲ್ಲಿ ದಿನವೂ ಅದೇ ಸುದ್ದಿ.

"ಅಜ್ಜಿ, ನಿಮ್ಮೂರೂ ಹಿಂಗೇ ಬ್ಯಾರೆ ಕಡಿಗಿ ಸೇರಿತ್ತಂತಲ್ಲ. ಸೇರಿದ ಮ್ಯಾಲ ಏನಾತು?"

"ಕಾಗದದ ಭಾಷಾ ಬದಲಾತು. ಹೊಸ ಸಾಹೇಬ್ರು ಬಂದ್ರು. ಅವರಿಗಿ ನಮ್ಮ ಮಾತು ತಿಳೀಲಿಲ್ಲ."

"ನೀವು ಏನ್ ಮಾಡಿದ್ರಿ?"

"ಕಲಿಸಿದ್ವಿ."

ಅವನು "ನಮ್ಮ ಮಾತು ನೀನು ಜಲ್ದಿ ಕಲ್ತಿ. ಎಲ್ಲಾರೂ ನಿನ್ನಂಗ ಇರಂಗಿಲ್ಲ" ಎಂದ. ಮೂರು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಬಹುಮಾನ ಇದು. ಅದಕ್ಕೇ ಇಲ್ಲಿ ಬರೆದಿದ್ದೇನೆ. ಬಂದ ಹೊಸತರಲ್ಲಿ ನನ್ನ ಕಷ್ಟ ಬೇರೆಯೇ ಇತ್ತು. ಇಲ್ಲಿ ಮೂರು ಹೊತ್ತೂ ಅನ್ನ. ಜೋಳದ ಹಿಟ್ಟು ಕಂಡವರಿಲ್ಲ. ಭಾನುವಾರ ಇಲ್ಲಿ ಹನ್ನೊಂದೂವರೆ ಆದಾಗ ಬೀದರಿನಲ್ಲಿ ಒಂಬತ್ತು. ನಮ್ಮ ಗುಡಿಯ ಗಂಟೆ ಹೊಡೆಯುವ ಹೊತ್ತು. ಮೊದಲ ವರ್ಷ ಆ ಹೊತ್ತಿಗೆ ನಾನು ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ನಾಲ್ಕು ಗಂಟೆಗೆ ವಿಮಲಾ ಹಾಸಿಗೆ ಸುರುಳಿ, ಚೀಲ ಹಿಡಿದು ಪಡಸಾಲೆಗೆ ಬಂದಳು. ಇಂದೈ ಬುಂಗಾ ಎದುರಿಗೆ ನಿಂತಿದ್ದಳು, ಕೈಯಲ್ಲಿ ಮತ್ತೆ ಹೊಸ ಅನ್ನದ ತಾಟು.

"ಇರು ಅಂತ ಹೇಳಲತ್ತಾಳೇನ್ರಿ?" ಎಂದು ವಿಮಲಾ ನನ್ನನ್ನು ಕೇಳಿದಳು.

ನಾನು ಕೇಳಿ ತಿಳಿದುಕೊಂಡೆ. "ಇಲ್ಲ. ಹೋಗು ಅಂತಾಳ. ಮುಟ್ಟಿ ಹೋಗು ಅಂತಾಳ. ಮುಂಜಾನಿ ಮುಟ್ಟಿಲ್ಲ, ನದ್ಯಾಗ ನಿನಗ ಏನರ ಆದ್ರ ಆಕಿಗಿ ನಿದ್ದಿ ಬರಂಗಿಲ್ಲಂತ. ಇಡೀ ದಿನ ಉಂಡಿಲ್ಲ ಆಕಿ."

ವಿಮಲಾ ಚೀಲ ಇಳಿಸಿದಳು. ಬೆರಳು ಚಾಚಿದಳು, ಹಿಂದೆ ತೆಗೆದಳು. ಇಂದೈ ಬುಂಗಾ ಕಾಯಲಿಲ್ಲ. ಅವಳ ಮಣಿಕಟ್ಟು ಹಿಡಿದು ಅಂಗೈಯನ್ನೇ ಅನ್ನದ ಮೇಲೆ ಇಟ್ಟಳು. ಆಮೇಲೆ ಅಲ್ಲೇ ಚಾಪೆಯ ಮೇಲೆ ಕುಳಿತು, ಅದೇ ತಾಟಿನಿಂದ, ವಿಮಲಾಳ ಕೈ ಬಿದ್ದ ಕಡೆಯಿಂದಲೇ, ಗಬಗಬ ಉಣ್ಣತೊಡಗಿದಳು. ಹಸಿದಿದ್ದಳು.

ವಿಮಲಾ ನೋಡುತ್ತಾ ನಿಂತಳು. ಆಮೇಲೆ ಕುಳಿತಳು. ಒಂದು ತುತ್ತು ತೆಗೆದುಕೊಂಡಳು. ಇನ್ನೊಂದು. ದೋಣಿಯವನು ಕೆಳಗಿನಿಂದ ಕೂಗಿದ.

"ಅಕ್ಕೋರ, ಅಂವಗ ಹೋಗಲಿಕ್ಕಿ ಹೇಳ್ರಿ."

"ಇರ್ತಿ ಏನು?"

"ಮುಂದಿನ ದೋಣಿ ತನಾ ಇರ್ತೇನ್ರಿ. ಅದರಾಚಿಗಿ ಕೇಳಬ್ಯಾಡ್ರಿ." ಬಾಯಿತುಂಬ ಅನ್ನ ಇತ್ತು. "ಮೀನಿಗಿ ಉಪ್ಪು ಕಮ್ಮಿ ಆಗ್ಯಾದ."

ನಾನು ಮೂರು ವರ್ಷ ಇದ್ದದ್ದೂ ಹಾಗೆಯೇ, ಮುಂದಿನ ದೋಣಿಯವರೆಗೆ, ಅದರ ಮುಂದಿನದರವರೆಗೆ. ಅವಳಿಗೆ ಇದನ್ನು ಹೇಳುವ ಅಗತ್ಯ ಕಾಣಲಿಲ್ಲ. ಮುಂದಿನ ದೋಣಿಯಲ್ಲಿ ಒಂದು ಜಾಗ ನನಗೆ ಹಿಡಿದಿಡಲು ದೋಣಿಯವನಿಗೆ ಹೇಳಿದೆ. ಅವನು "ಅಜ್ಜಿ, ಇಲ್ಲಿಗಿ ವಾಪಸ್ ಯಾವಾಗ ಬರ್ತಿ?" ಎಂದ. "ನಾ ವಾಪಸ್ ಹೋಗೋದೇ ಅದರಾಗ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಅದನ್ನೇ ಕೇಳಿದ.

ಉಳಿದದ್ದು ಸಮುವೇಲನಿಗೆ ಪತ್ರ. ದೋಣಿಯವನನ್ನು ಹತ್ತು ನಿಮಿಷ ನಿಲ್ಲಿಸಿಕೊಂಡು ಬರೆದೆ. ಬದಲಿ ನರ್ಸ್ ಬಂದಿದ್ದಾಳೆ, ಕೆಲಸ ಬಲ್ಲವಳು. ಹಲಬರ್ಗಾಕ್ಕೆ ಹೋಗಿ ಅವಳ ತಾಯಿಗೆ, ಮಗಳು ಉಂಡಳು ಎಂದು ಹೇಳು. ಕೊನೆಯ ಸಾಲಿನಲ್ಲಿ 'ಮುಂದಿನ ತಿಂಗಳು ಮನೆಗೆ ಬರುತ್ತೇನೆ' ಎಂದು ಬರೆದೆ. ಓದಿ ನೋಡಿದೆ. 'ಮನೆಗೆ' ಎಂಬುದನ್ನು ಹೊಡೆದುಹಾಕಿ 'ಬೀದರಿಗೆ' ಎಂದು ಬರೆದೆ. ಐದಕ್ಕೆ ಐದು ನಿಮಿಷ ಇರುವಾಗ ಲಕೋಟೆ ಅಂಟಿಸಿ ದೋಣಿಯವನ ಕೈಗೆ ಕೊಟ್ಟೆ.